ಇಳಿಜಾರಿನ ಹಳೇ ಬಂಗಲೆಯನ್ನು ರೆಸಾರ್ಟ್ ಮಾಡುವುದು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪುಣೆ, ಪಿಂಪ್ರಿ, ಠಾಣೆ ಕಡೆಯ ನಮ್ಮ ಕನ್ನಡದ ಹೋಟೆಲಿನವರಿಂದ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಣ್ಣಾ, ಖಂಡಾಲದಲ್ಲಿ ಒಂದು ಹಳೇ ಬಂಗಲೆ ಸಿಕ್ಕಿದೆ. ಜಾಗ ಇಳಿಜಾರು, ವ್ಯೂ ಭಾರಿ ಚೆನ್ನಾಗಿದೆ. ಹನ್ನೆರಡು ರೂಮು, ಒಂದು ಸ್ವಿಮ್ಮಿಂಗ್ ಪೂಲ್ ಮಾಡೋಣ ಅಂತ. ಇಂಟೀರಿಯರ್ ಮಾಡುವವರು ಯಾರಾದರೂ ಗೊತ್ತಾ?" ಇಂಟೀರಿಯರ್ ಬಗ್ಗೆ ಕೇಳುವ ಹೊತ್ತಿಗೆ ಟೋಕನ್ ಕೊಟ್ಟಾಗಿರುತ್ತದೆ, ಜೆಸಿಬಿ ಬಂದು ಗುಡ್ಡದ ಬುಡ ಕೆರೆದಾಗಿರುತ್ತದೆ. ಮೊದಲ ಮಳೆಗಾಲಕ್ಕೆ ತಡೆಗೋಡೆ ಹೊಟ್ಟೆ ಬಿಡುತ್ತದೆ. ಎರಡನೇ ಮಳೆಗಾಲಕ್ಕೆ ಕೆಳಗಿನ ಪ್ಲಾಟಿನವರಿಂದ ನೋಟಿಸ್.

ಇಂಥ ಕೆಲಸ ದುಡ್ಡು ಸಾಲದೆ ಕೆಟ್ಟದ್ದು ಕಡಿಮೆ, ಕ್ರಮ ತಪ್ಪಿ ಕೆಟ್ಟದ್ದೇ ಜಾಸ್ತಿ. ಇಳಿಜಾರಿನಲ್ಲಿ ಮೊದಲು ನೀರಿಗೆ ದಾರಿ, ಆಮೇಲೆ ಮಣ್ಣಿಗೆ ತಡೆ, ಆಮೇಲೆ ಗಾಡಿಗೆ ರಸ್ತೆ. ರೂಮು, ಪೂಲು ಎಲ್ಲ ಅದಾದ ಮೇಲೆ. ಇಲ್ಲಿ ಬರೆದದ್ದು ಪುಣೆ ಹತ್ತಿರದ ಘಟ್ಟದಲ್ಲಿರುವ ಲೋಣಾವಳ, ಖಂಡಾಲ, ಮುಳಶಿ, ಪಾನಶೇತ್ ಕಡೆಯ ಜಾಗಗಳಿಗೆ. ಗೋವಾದಲ್ಲಿ ಕಾನೂನು ಬೇರೆ, ಕಲ್ಲೂ ಬೇರೆ, ಅಲ್ಲಿ ಕೆಂಪು ಮುರಕಲ್ಲು ಜಾಸ್ತಿ. ಆದರೆ ಕೆಲಸದ ಕ್ರಮ ಇದೇ.

## ಶುರು ಮಾಡುವ ಮೊದಲು: ಜನ ಮತ್ತು ಸಾಮಾನು

ಐದು ಜನ ಬೇಕು. ಜಮೀನಿನ ಕಾಗದ ನೋಡುವ ಸ್ಥಳೀಯ ವಕೀಲರು, ಸರ್ವೇಯರ್, ಮಣ್ಣು ಪರೀಕ್ಷೆಯ ಜಿಯೋಟೆಕ್ನಿಕಲ್ ಇಂಜಿನಿಯರ್, ಸ್ಟ್ರಕ್ಚರಲ್ ಇಂಜಿನಿಯರ್, ಕೊನೆಗೆ ಆರ್ಕಿಟೆಕ್ಟ್. ಎಲ್ಲರೂ ಆರ್ಕಿಟೆಕ್ಟ್‌ನಿಂದ ಶುರು ಮಾಡುತ್ತಾರೆ, ಚಂದದ ತ್ರೀಡಿ ಚಿತ್ರ ಕೈಗೆ ಬರುತ್ತದೆ, ಆಮೇಲೆ ಜಾಗವನ್ನು ಆ ಚಿತ್ರಕ್ಕೆ ಹೊಂದಿಸಲು ಗುಡ್ಡ ಕಡಿಯುತ್ತಾರೆ. ಚಿತ್ರ ಜಾಗಕ್ಕೆ ಹೊಂದಬೇಕು ಅಲ್ವಾ?

ನಿಮ್ಮ ಹತ್ತಿರ ಇರಬೇಕಾದ ಸಾಮಾನು ದುಬಾರಿಯದ್ದಲ್ಲ. 30 ಮೀಟರ್ ಟೇಪು, ನೀರು ತುಂಬಿದ ಲೆವೆಲ್ ಟ್ಯೂಬು, ಸುಣ್ಣದ ಪುಡಿ, ಬಿರುಕಿನ ಮೇಲೆ ಅಂಟಿಸಲು ತೆಳು ಗಾಜಿನ ಪಟ್ಟಿ, ಮಳೆ ಅಳೆಯುವ ಒಂದು ಗೇಜು, ಫೋನಿನ ಕ್ಯಾಮೆರಾ. ಎರಡು ಆಳು ಇದ್ದರೆ ಲೆವೆಲ್ ಟ್ಯೂಬಿನಲ್ಲೇ ಇಳಿಜಾರಿನ ಅಂದಾಜು ಒಂದು ಬೆಳಗ್ಗೆ ಸಿಗುತ್ತದೆ.

ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಗೌಂಡಿಗಳು ಪುಣೆಯಲ್ಲಿ ಬೇಕಾದಷ್ಟು ಇದ್ದಾರೆ. ಕನ್ನಡದಲ್ಲೇ ಮಾತಾಡಿ ಕೆಲಸ ತೆಗೆಯಬಹುದು. ಆದರೆ ಕಲ್ಲಿನ ಕಟ್ಟಣೆ, ಸುಣ್ಣದ ಗಾರೆ ಗೊತ್ತಿರುವವರು ಬೇರೆ, ಸಿಮೆಂಟ್ ಬ್ಲಾಕ್ ಕಟ್ಟುವವರು ಬೇರೆ. ಮಾತು ಮುಗಿಸುವ ಮೊದಲು ಅವರು ಮಾಡಿದ ಒಂದು ಹಳೇ ಕಲ್ಲುಗೋಡೆ ನೋಡಿ ಬನ್ನಿ.

## 1. ಕಾಗದ: ಟೋಕನ್ ಕೊಡುವ ಮುಂಚೆ

ಸಾತಬಾರಾ ಉತಾರ, ಅಂದರೆ ನಮ್ಮ ಪಹಣಿ, ಇಲ್ಲವೇ ಪ್ರಾಪರ್ಟಿ ಕಾರ್ಡು ತೆಗೆಸಿ. ಹೆಸರು ನೋಡಿ ಸಮಾಧಾನ ಪಡಬೇಡಿ. "ಇತರ ಅಧಿಕಾರ", ಅಂದರೆ ಬೇರೆಯವರ ಹಕ್ಕು, ಅನ್ನುವ ಕಾಲಮ್ಮು ಓದಿ. ಸಾಲ, ಗೇಣಿ, ಖಾಸಗಿ ಅರಣ್ಯ ಎಲ್ಲ ಅಲ್ಲೇ ಕೂತಿರುತ್ತವೆ. 1975ರ ಖಾಸಗಿ ಅರಣ್ಯ ಕಾಯ್ದೆಯ ಷರಾ ಇದ್ದರೆ ಆ ವ್ಯವಹಾರ ಅಲ್ಲಿಗೇ ಬಿಡಿ. "ಭೋಗವಟಾದಾರ ವರ್ಗ 2", ಅಂದರೆ ಸರಕಾರದ ಷರತ್ತಿರುವ ಜಮೀನು, ಅಂತ ಇದ್ದರೆ ಮಾರಾಟಕ್ಕೆ ಕಲೆಕ್ಟರ್ ಅನುಮತಿ ಬೇಕು. ಹಿಂದಿನ ಫೇರ್‌ಫಾರ್‌ಗಳನ್ನೂ, ಅಂದರೆ ಹೆಸರು ಬದಲಾದ ದಾಖಲೆಗಳನ್ನೂ ತೆಗೆಸಿ, ಸರಣಿ ಎಲ್ಲೂ ಕಡಿದಿಲ್ಲ ಅಂತ ವಕೀಲರಿಂದ 30 ವರ್ಷದ ಸರ್ಚ್ ರಿಪೋರ್ಟ್ ಬರೆಸಿಕೊಳ್ಳಿ.

ಮುಂದಿನ ಪ್ರಶ್ನೆ ಎನ್‌ಎ, ಅಂದರೆ ಜಮೀನಿನ ಕೃಷಿಯೇತರ ಬಳಕೆಯ ಅನುಮತಿ. ಹಳೇ ಬಂಗಲೆಗಳಿಗೆ ಇರುವುದು ಹೆಚ್ಚಾಗಿ ವಾಸದ ಎನ್‌ಎ. ರೆಸಾರ್ಟ್ ವ್ಯಾಪಾರ, ಅದಕ್ಕೆ ಬಳಕೆ ಬದಲಾವಣೆ ಬೇಕಾಗುತ್ತದೆ. ಬಂಗಲೆ ಯಾವುದಾದರೂ ಸೊಸೈಟಿಯ ಪ್ಲಾಟಿನಲ್ಲಿದ್ದರೆ ಆ ಸೊಸೈಟಿಯ ನಿಯಮವೇ ವ್ಯಾಪಾರಕ್ಕೆ ಅಡ್ಡ ಬರಬಹುದು. ಮಾಲೀಕರು "ಮನೆ ತೆರಿಗೆ ಕಟ್ಟುತ್ತಾ ಇದ್ದೇವೆ" ಅಂತ ಗ್ರಾಮ ಪಂಚಾಯಿತಿಯ ತೆರಿಗೆ ಪಟ್ಟಿಯ ಉತಾರ, ಅಂದರೆ ನಮುನಾ 8 ತೋರಿಸುತ್ತಾರೆ. ತೆರಿಗೆಯ ಕಾಗದ ಕಟ್ಟಡದ ಮಂಜೂರಾತಿ ಆಗುವುದಿಲ್ಲ. ಮಂಜೂರಾದ ನಕ್ಷೆ ಕೇಳಿ. ನಕ್ಷೆಯಲ್ಲಿ ನಾಲ್ಕು ಕೋಣೆ, ಜಾಗದಲ್ಲಿ ಏಳು ಕೋಣೆ ಇದ್ದರೆ ಉಳಿದ ಮೂರಕ್ಕೆ ಬೆಲೆ ಕೊಡಬೇಡಿ.

ಇಳಿಜಾರಿನ ಜಾಗಕ್ಕೆ ನಿಜವಾದ ಕತ್ತರಿ ಮುಂದಿದೆ. ಮಹಾರಾಷ್ಟ್ರದ 2020ರ ಏಕೀಕೃತ ಕಟ್ಟಡ ನಿಯಮಾವಳಿ, ಅಂದರೆ ಎಲ್ಲರೂ ಯುಡಿಸಿಪಿಆರ್ ಅನ್ನುವುದು, 1:5 ಅಥವಾ ಅದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಕಟ್ಟಲು ಬಿಡುವುದಿಲ್ಲ. ಲೋಣಾವಳ ನಗರ ಪರಿಷತ್ತನ್ನು 2020ರಲ್ಲಿ ಇದರ ಹೊರಗಿಟ್ಟಿದ್ದರು, ಅಲ್ಲಿ ಯಾವ ನಿಯಮ ಅಂತ ಪರಿಷತ್ತಿನಲ್ಲೇ ಕೇಳಿ. ಐದು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು, ಸುಮಾರು 11 ಡಿಗ್ರಿ. ಕಣ್ಣಿಗೆ ಅದು ಅಂಥ ಕಡಿದಾಗಿ ಕಾಣುವುದೇ ಇಲ್ಲ, ಅದಕ್ಕೇ ಜನ ಮೋಸ ಹೋಗುತ್ತಾರೆ. ಎರಡು ಎಕರೆ ಕೊಂಡು ಕಟ್ಟಲು ಸಿಗುವುದು ಹದಿನೈದು ಗುಂಟೆ ಅಂತಾದರೆ ಬೆಲೆಯ ಲೆಕ್ಕ ಪೂರಾ ತಿರುಗುತ್ತದೆ. ವ್ಯೂ ಚೆನ್ನಾಗಿರುವ ಭಾಗವೇ ಹೆಚ್ಚಾಗಿ ಈ ನಿಯಮಕ್ಕೆ ಸಿಕ್ಕಿಬೀಳುವುದು.

ಜಾಗ ಯಾರ ಕೈಯಲ್ಲಿದೆ ಅಂತಲೂ ನೋಡಿ. ಲೋಣಾವಳ ಊರೊಳಗೆ ನಗರ ಪರಿಷತ್ತು, ಮುಳಶಿ, ಮಾವಳದ ಹಳ್ಳಿಗಳಿಗೆ ಪಿಎಂಆರ್‌ಡಿಎ, ಅಂದರೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಮಹಾಬಳೇಶ್ವರ, ಪಂಚಗಣಿ 2001ರಿಂದ, ಮಾಥೇರಾನ್ 2003ರಿಂದ ಪರಿಸರ ಸೂಕ್ಷ್ಮ ವಲಯ. ಮಾಥೇರಾನ್‌ನಲ್ಲಿ ಮೋಟಾರು ಗಾಡಿಗೆ ನಿಷೇಧ ಇದೆ, ಒಂದು ಚೀಲ ಸಿಮೆಂಟು ಮೇಲೆ ತಲುಪುವಷ್ಟರಲ್ಲಿ ಬೆಲೆ ಎಲ್ಲಿಗೋ ಹೋಗಿರುತ್ತದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ನಿಮ್ಮ ಹಳ್ಳಿಯ ಹೆಸರು ಇದೆಯಾ ನೋಡಿ. ಐಎನ್‌ಎಸ್ ಶಿವಾಜಿಯಂಥ ರಕ್ಷಣಾ ನೆಲೆಯ ಹತ್ತಿರ ಅವರ ಎನ್‌ಒಸಿ ಬೇಕಾಗಬಹುದು. ಅಣೆಕಟ್ಟಿನ ಹಿನ್ನೀರಿನ ಬದಿಯಲ್ಲಿ ನೆರೆಯ ಮಿತಿ ತೋರಿಸುವ ನೀಲಿ ರೇಖೆ, ಕೆಂಪು ರೇಖೆ ಎಲ್ಲಿ ಹಾದುಹೋಗುತ್ತದೆ ಅಂತ ನಕ್ಷೆ ಕೇಳಿ.

ಕೊನೆಯದಾಗಿ ದಾರಿ. ಬಂಗಲೆಗೆ ಹೋಗುವ ರಸ್ತೆ ಪಕ್ಕದವರ ಜಮೀನಿನ ಮೇಲೆ "ಮೊದಲಿಂದಲೂ ಹೀಗೇ" ಅಂತ ನಡೆಯುತ್ತಿದ್ದರೆ, ಅದನ್ನು ಕಾಗದದಲ್ಲಿ ನೋಂದಾಯಿಸದೆ ಮುಂದೆ ಹೋಗಬೇಡಿ. ವರ್ಷಕ್ಕೆರಡು ಸಲ ಬರುವ ಯಜಮಾನರ ಕಾರಿಗೆ ಯಾರೂ ಅಡ್ಡ ಬರುವುದಿಲ್ಲ. ವಾರಾಂತ್ಯಕ್ಕೆ ಮೂವತ್ತು ಗಾಡಿ ಓಡಾಡಲು ಶುರುವಾದರೆ ಗೇಟು ಬೀಳುತ್ತದೆ.

## 2. ಒಂದು ಮಳೆಗಾಲ ಸುಮ್ನೆ ನೋಡಿ

ಯಾರೂ ಒಪ್ಪದ ಹಂತ ಇದು. ಬಡ್ಡಿ ಓಡುತ್ತಾ ಇರುತ್ತದೆ, ನಾಲ್ಕು ತಿಂಗಳು ಕಾಯುವುದು ಹೇಗೆ ಅಂತ ಕೇಳುತ್ತಾರೆ. ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯಲ್ಲಿ ಒಣಗಿ ನಿಂತ ಜಾಗ ನೋಡಿ ಡ್ರೈನೇಜ್ ಹಾಕುವುದು ಕುರುಡು ಕೆಲಸ. ಕಾಗದದ ಕೆಲಸ ಹೇಗೂ ತಿಂಗಳುಗಟ್ಟಲೆ ಹಿಡಿಯುತ್ತದೆ, ಎರಡನ್ನೂ ಜೊತೆಗೇ ನಡೆಸಿದರೆ ಕಾದ ಹಾಗೂ ಆಗುವುದಿಲ್ಲ.

ಜೋರು ಮಳೆ ಬಿದ್ದ ದಿನ ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ, ಎಲ್ಲ ವಿಡಿಯೋ ಮಾಡಿ, ಸುಣ್ಣದಲ್ಲಿ ಇಲ್ಲವೇ ಗೂಟ ನೆಟ್ಟು ಗುರುತು ಹಾಕಿ. ಮಳೆ ನಿಂತ ಎರಡು ದಿನದ ಮೇಲೆ ಮತ್ತೆ ಹೋಗಿ. ಆಗಲೂ ಎಲ್ಲಿ ಒರತೆ ಜಿನುಗುತ್ತಿದೆಯೋ ಅದು ನೆಲದೊಳಗಿನ ನೀರಿನ ದಾರಿ. ಆ ಜಾಗದಲ್ಲಿ ಕಟ್ಟಡ ಬೇಡ.

ಗುಡ್ಡ ನಿಧಾನವಾಗಿ ಸರಿಯುತ್ತಾ ಇದ್ದರೆ ಅದರ ಗುರುತು ಕಣ್ಣಿಗೇ ಕಾಣುತ್ತದೆ. ಮರಗಳ ಬುಡ ಬಾಗಿ ಮೇಲಕ್ಕೆ ಹೋಗಿ ನೆಟ್ಟಗಾಗಿರುತ್ತವೆ. ಬೇಲಿ ಕಂಬ, ಲೈಟಿನ ಕಂಬ ಎಲ್ಲ ಕೆಳಗಡೆಗೆ ವಾಲಿರುತ್ತವೆ. ನೆಲದಲ್ಲಿ ಅರ್ಧಚಂದ್ರದಂಥ ಬಿರುಕು ಇರುತ್ತದೆ. ಹೋದ ವರ್ಷ ಇಲ್ಲದ ಒರತೆ ಈ ವರ್ಷ ಶುರುವಾಗಿರುತ್ತದೆ, ಅಥವಾ ತಿಳಿ ನೀರಿನ ಒರತೆ ಇದ್ದಕ್ಕಿದ್ದಂತೆ ಕೆಸರು ನೀರು ಬಿಡುತ್ತದೆ. ಕೊನೆಯದು ಕಂಡರೆ ಅವತ್ತೇ ಅಲ್ಲಿರುವವರನ್ನು ಹೊರಗೆ ಕಳಿಸಿ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳಿನ್ ಹಳ್ಳಿಯ ಮೇಲೆ ಗುಡ್ಡ ಬಿದ್ದು ಸುಮಾರು 150 ಜನ ಸತ್ತರು, 2023ರ ಜುಲೈನಲ್ಲಿ ರಾಯಗಡದ ಇರ್ಶಾಳವಾಡಿಯಲ್ಲೂ ಅದೇ ಆಯಿತು. ಇದೇ ಸಹ್ಯಾದ್ರಿ, ಇದೇ ಕಲ್ಲು, ಇದೇ ಮಳೆ.

ಹತ್ತಿರದ ಹಳ್ಳಿಯ ಹಿರಿಯರನ್ನು ಕೇಳುವುದು ಮರೆಯಬೇಡಿ. ಹಳೇ ಓಢಾ, ಅಂದರೆ ಹಳ್ಳ, ಎಲ್ಲಿ ಹರಿಯುತ್ತಿತ್ತು, ಯಾರು ಮುಚ್ಚಿದರು ಅಂತ ಅವರಿಗೆ ಗೊತ್ತಿರುತ್ತದೆ. ಮುಚ್ಚಿದ ಓಢಾದ ಮೇಲೇ ಪಾರ್ಕಿಂಗ್ ಮಾಡಿದ ಜಾಗಗಳು ಬೇಕಾದಷ್ಟಿವೆ.

## 3. ಸರ್ವೇ ಮತ್ತು ಮಣ್ಣು

ಎರಡು ಸರ್ವೇ ಬೇಕು, ಒಂದನ್ನು ಇನ್ನೊಂದು ಅಂದುಕೊಳ್ಳಬೇಡಿ. ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಯ ಸರಕಾರಿ ಮೋಜಣಿ ನಿಮ್ಮ ಗಡಿ ಹೇಳುತ್ತದೆ. ಖಾಸಗಿ ಸರ್ವೇಯರ್ ಟೋಟಲ್ ಸ್ಟೇಷನ್ ಇಟ್ಟು ಮಾಡುವ ಕಾಂಟೂರ್ ಸರ್ವೇ ಏರುತಗ್ಗು ಹೇಳುತ್ತದೆ. ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಅರ್ಧ ಮೀಟರ್ ಅಂತರದಲ್ಲಿ ಇರಲಿ. ದೊಡ್ಡ ಮರ, ಬಂಡೆ, ಹಳೇ ಗೋಡೆ, ಬಾವಿ, ಒರತೆಯ ಗುರುತು, ಪಕ್ಕದ ಪ್ಲಾಟಿನ ಹತ್ತು ಮೀಟರಾದರೂ ಅದರಲ್ಲಿ ಬರಬೇಕು. ಗಿಡಗಂಟಿ ದಟ್ಟ ಇದ್ದರೆ ಡ್ರೋನ್ ಚಿತ್ರ ಮಾತ್ರ ನಂಬಬೇಡಿ, ಅದು ಎಲೆಯ ಎತ್ತರವನ್ನೇ ನೆಲ ಅಂತ ತೋರಿಸಬಹುದು.

ನೆಲದ ಕೆಳಗೆ ಇರುವುದು ಬಸಾಲ್ಟ್. ಮೇಲೆ ಒಂದಿಷ್ಟು ಮಣ್ಣು, ಅದರ ಕೆಳಗೆ ಮುರುಮ್ ಅನ್ನುವ ಅರೆಬರೆ ಪುಡಿಯಾದ ಕಲ್ಲುಮಣ್ಣು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಮಳೆ ನೀರು ಮಣ್ಣು, ಮುರುಮ್ ದಾಟಿ ಕಲ್ಲಿನ ಮೇಲೆ ಬಂದು ನಿಂತು, ಇಳಿಜಾರಿನ ಉದ್ದಕ್ಕೂ ಹರಿಯುತ್ತದೆ. ಮಣ್ಣು ಜಾರುವುದು ಅಲ್ಲೇ. ಕೆಲವೆಡೆ ಎರಡು ಲಾವಾ ಪದರದ ನಡುವೆ ಕೆಂಪು ಮಣ್ಣಿನಂಥ ತೆಳು ಪದರ ಇರುತ್ತದೆ, ಇಂಜಿನಿಯರ್‌ಗಳು ರೆಡ್ ಬೋಲ್ ಅನ್ನುತ್ತಾರೆ. ಒಣಗಿದ್ದಾಗ ಗಟ್ಟಿ, ನೆನೆದರೆ ಸಾಬೂನು. ಬೋರ್‌ಹೋಲ್‌ನಲ್ಲಿ ಇದು ಸಿಕ್ಕರೆ ಅಡಿಪಾಯ ಅದರ ಕೆಳಗೆ ಇಳಿಯಬೇಕು.

ಎಷ್ಟು ಬೋರ್‌ಹೋಲ್ ಅನ್ನುವುದು ಇಂಜಿನಿಯರ್ ಮಾತು. ಆದರೆ ಮೇಲಿನ ಅಂಚಿನಲ್ಲಿ, ಮಧ್ಯದಲ್ಲಿ, ಕೆಳಗಿನ ಅಂಚಿನಲ್ಲಿ ಒಂದೊಂದಾದರೂ ಬೇಕು. ಡ್ರಿಲ್ ಗಾಡಿ ಸುಲಭವಾಗಿ ನಿಲ್ಲುವ ಸಮತಟ್ಟು ಜಾಗದಲ್ಲೇ ಮೂರೂ ಹೊಡೆದು ರಿಪೋರ್ಟ್ ಕೊಡುವವರು ಇದ್ದಾರೆ, ಮುಂದೆ ನಿಂತು ಮಾಡಿಸಿ.

## 4. ಹಳೇ ಕಟ್ಟಡದ ತಪಾಸಣೆ

ಈ ಕಡೆಯ ಹಳೇ ಬಂಗಲೆಗಳು ಸಾಮಾನ್ಯವಾಗಿ ಎರಡು ಬಗೆ. ಹಳೆಯವು ಕರಿಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಸಾಗುವಾನಿ ತೊಲೆ, ಮೇಲೆ ಮಂಗಳೂರು ಹೆಂಚು. ಆಮೇಲಿನವು ಕಾಂಕ್ರೀಟ್ ಕಂಬ, ಸ್ಲ್ಯಾಬ್. ಮೊದಲನೆಯದನ್ನು ನೋಡಿ ಜನ ಹೆದರುತ್ತಾರೆ, ಎರಡನೆಯದನ್ನು ನೋಡಿ ಧೈರ್ಯ ಪಡುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ ಇರಬೇಕು. ಇಷ್ಟು ಮಳೆಯಲ್ಲಿ ತೆಳು ಕವರ್ ಇರುವ ಹಳೇ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಸ್ಲ್ಯಾಬಿನ ತಳ ಉದುರುತ್ತಿರುತ್ತದೆ, ಮಾರುವ ಮುಂಚೆ ಅದಕ್ಕೆ ಪಿಒಪಿ ಹೊಡೆದು ಬಣ್ಣ ಬಳಿದಿರುತ್ತಾರೆ.

ಕಾಂಕ್ರೀಟಿಗೆ ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್, ಕೋರ್ ಪರೀಕ್ಷೆ ಮಾಡಿಸಿ. ಅಗ್ಗದ ಒಂದು ಪರೀಕ್ಷೆ ಫಿನಾಲ್ಫ್ತಲೀನ್ ದ್ರಾವಣದ್ದು. ಕಾಂಕ್ರೀಟನ್ನು ಸ್ವಲ್ಪ ಒಡೆದು ಹೊಸ ಮುಖದ ಮೇಲೆ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗುಲಾಬಿ ಆಗುತ್ತದೆ. ಕಬ್ಬಿಣದವರೆಗೂ ಬಣ್ಣವೇ ಬರದಿದ್ದರೆ ಆ ಕಬ್ಬಿಣಕ್ಕೆ ರಕ್ಷಣೆ ಹೋಗಿದೆ ಅಂತ ಅರ್ಥ.

ಕಲ್ಲುಗೋಡೆಯಲ್ಲಿ ಬಿರುಕಿನ ದಿಕ್ಕು ನೋಡಿ. ಕೆಳಗಡೆಯ ಮೂಲೆಯಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಏರುವ ಬಿರುಕು ಪಾಯ ಕುಸಿಯುತ್ತಿರುವುದಕ್ಕೆ ಸಾಕ್ಷಿ. ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಮಳೆಗಾಲ ಮುಗಿದಾಗ ಗಾಜು ಒಡೆದಿದ್ದರೆ ಬಿರುಕು ಇನ್ನೂ ಜೀವಂತ. ಅದನ್ನು ಸಿಮೆಂಟ್ ತುಂಬಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬರುತ್ತದೆ.

ಈ ರಿಪೋರ್ಟ್ ಕೈಗೆ ಬಂದ ಮೇಲೆ ಮಾತ್ರ ಯಾವ ಭಾಗ ಉಳಿಯುತ್ತದೆ, ಯಾವುದು ಕೆಡವಬೇಕು ಅಂತ ನಿರ್ಧಾರ ಮಾಡಿ. ಅನುಮತಿಯ ನಕ್ಷೆ ಅದಾದ ಮೇಲೆ.

## 5. ನೀರಿಗೆ ದಾರಿ: ಮೊದಲ ಅಗೆತ ಇಲ್ಲಿಂದ

ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಕೂಡಲೇ ಮೊದಲ ಗುದ್ದಲಿ ಜಾಗದ ಮೇಲಿನ ಅಂಚಿನಲ್ಲಿ ಬೀಳಬೇಕು. ಗುಡ್ಡದಿಂದ ಬರುವ ನೀರು ನಿಮ್ಮ ಜಾಗಕ್ಕೆ ನುಗ್ಗುವ ಮೊದಲೇ ಅದನ್ನು ಹಿಡಿದು ಪಕ್ಕಕ್ಕೆ ತಿರುಗಿಸುವ ಕಾಲುವೆ ಬೇಕು. ಅದರ ತಳಕ್ಕೆ ಕಲ್ಲು ಅಥವಾ ಕಾಂಕ್ರೀಟ್ ಹಾಸಬೇಕು. ಹಾಗೇ ಅಗೆದು ಬಿಟ್ಟರೆ ಆ ಕಾಲುವೆಯೇ ನೀರನ್ನು ಗುಡ್ಡದೊಳಗೆ ಇಳಿಸುತ್ತದೆ. ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಎಷ್ಟು ದೊಡ್ಡದು ಬೇಕು? ಒಂದು ಎಕರೆ ಅಂದರೆ 4,000 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಮಳೆ ಹೊಡೆದು, ಅದರಲ್ಲಿ ಶೇಕಡ 80 ಹರಿದು ಬಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 90 ಲೀಟರ್. 6 ಇಂಚಿನ ಒಂದು ಪೈಪಿಗೆ ಇದು ಆಗುವ ಕೆಲಸ ಅಲ್ಲ. ನಿಮ್ಮ ಮೇಲಿನ ಗುಡ್ಡ ಮೂರು ಎಕರೆ ಇದ್ದರೆ ಮೂರರಿಂದ ಗುಣಿಸಿ. ಪ್ಲಂಬರ್ ಅಂದಾಜಿಗೆ ಬಿಡುವ ಲೆಕ್ಕ ಇದಲ್ಲ.

ಇಳಿಜಾರಿನಲ್ಲಿ ನೇರವಾಗಿ ಕೆಳಗಿಳಿಯುವ ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ನೀರಿನ ವೇಗ ಮುರಿಯಲಿ. ತಿರುವಿನಲ್ಲಿ, ತುದಿಯಲ್ಲಿ ಕಲ್ಲಿನ ಗುಂಡಿ ಇರಲಿ. ಕೊನೆ ಸಹಜವಾದ ಓಢಾಕ್ಕೇ ಸೇರಬೇಕು. ಕೆಳಗಿನವರ ಬೇಲಿಗೆ ತಂದು ಬಿಟ್ಟರೆ ಜಗಳ ಗ್ಯಾರಂಟಿ, ಕೋರ್ಟಿನಲ್ಲಿ ನಿಮ್ಮ ಕಡೆ ಹೇಳಲು ಏನೂ ಇರುವುದಿಲ್ಲ.

ಬಂಗಲೆಯ ಸೂರಿನಿಂದ ಇಳಿಯುವ ನೀರೂ ಇದಕ್ಕೇ ಸೇರಬೇಕು, ಗೋಡೆಯ ಬುಡಕ್ಕೆ ಬೀಳಬಾರದು. 300 ಚದರ ಮೀಟರ್ ಮಾಡಿಗೆ 100 ಮಿಲಿಮೀಟರ್ ಮಳೆ ಬಿದ್ದ ದಿನ 30,000 ಲೀಟರ್ ನೀರು ಇಳಿಯುತ್ತದೆ. ಒಂದಿಷ್ಟನ್ನು ಟ್ಯಾಂಕಿಗೆ ತಿರುಗಿಸಿ. ಮಿಕ್ಕದ್ದನ್ನು ಇಂಗುಗುಂಡಿಗೆ ಬಿಡುವುದು ಸಮತಟ್ಟಿನಲ್ಲಿ ಒಳ್ಳೆಯದು, ತಡೆಗೋಡೆಯ ತಲೆಯ ಮೇಲೆ ಬೇಡ.

## 6. ತಡೆಗೋಡೆ ಮತ್ತು ಮಣ್ಣಿನ ಕೆಲಸ

ಹಾಳಾಗುವುದು ಹೆಚ್ಚಾಗಿ ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ತಪ್ಪು, ಗುಡ್ಡದ ಬುಡ ಕಡಿಯುವುದು. ಗುಡ್ಡ ನಿಂತಿರುವುದೇ ಆ ಬುಡದ ಮೇಲೆ. ಕಡಿಯಲೇಬೇಕಾದರೆ ಮೇಲಿನಿಂದ ಕೆಳಕ್ಕೆ, ತುಂಡು ತುಂಡಾಗಿ, ಒಂದು ತುಂಡು ಬಿಟ್ಟು ಇನ್ನೊಂದು. ಒಂದರಲ್ಲಿ ಗೋಡೆ ಎದ್ದು ಹಿಂದೆ ಕಲ್ಲು ತುಂಬಿದ ಮೇಲೆ ಪಕ್ಕದ್ದಕ್ಕೆ ಕೈ ಹಾಕಿ. ಜೆಸಿಬಿಯವನಿಗೆ ಗಂಟೆ ಬಾಡಿಗೆ, ಅವನು ಒಂದೇ ದಿನದಲ್ಲಿ ಉದ್ದಕ್ಕೂ ಕೆರೆದು ಹೋಗುತ್ತಾನೆ. ಅವನ ಪಕ್ಕದಲ್ಲೇ ನಿಮ್ಮ ಮನುಷ್ಯ ನಿಂತಿರಬೇಕು.

ಎರಡನೆಯದು, ಕಡಿದ ಮುರುಮನ್ನು ಇಳಿಜಾರಿನ ಕೆಳಗಡೆಗೆ ತಳ್ಳಿ "ಜಾಗ ಅಗಲ ಆಯ್ತು" ಅಂತ ಖುಷಿ ಪಡುವುದು. ಅದು ಸುಮ್ನೆ ಸುರಿದ ಮಣ್ಣು, ಮಳೆ ಕುಡಿದು ಜಾರುತ್ತದೆ. ತುಂಬಬೇಕು ಅಂತಿದ್ದರೆ ಮೂಲ ನೆಲದಲ್ಲಿ ಮೆಟ್ಟಿಲು ಕಡಿದು, 200ರಿಂದ 300 ಮಿಲಿಮೀಟರ್ ಪದರವಾಗಿ ಹಾಕಿ, ನೀರು ಬೆರೆಸಿ ರೋಲರ್ ಹೊಡೆದು ಏರಿಸಬೇಕು. ಹಾಗೆ ಮಾಡಿದರೂ ಅದರ ಮೇಲೆ ತೋಟ, ಕುರ್ಚಿ ಇಡಿ. ರೂಮು ಬೇಡ.

ಮೂರನೆಯದು ಎತ್ತರ. ಗೋಡೆ ಎರಡು ಪಟ್ಟು ಎತ್ತರವಾದರೆ ಮಣ್ಣಿನ ತಳ್ಳುವ ಬಲ ನಾಲ್ಕು ಪಟ್ಟು, ಗೋಡೆಯನ್ನು ಬುಡದಿಂದ ಮಗುಚುವ ಒತ್ತಡ ಎಂಟು ಪಟ್ಟು ಆಗುತ್ತದೆ. ಒಂದು 3 ಮೀಟರ್ ಗೋಡೆಯ ಬದಲು 1.5 ಮೀಟರಿನ ಎರಡು ಗೋಡೆ ಮಾಡಿ. ಆದರೆ ನಡುವೆ ಅಂತರ ಸಾಲದಿದ್ದರೆ ಮೇಲಿನದರ ಭಾರ ಕೆಳಗಿನದರ ಮೇಲೇ ಬೀಳುತ್ತದೆ. ಕೆಳಗಿನ ಗೋಡೆಯ ಎತ್ತರದ ಎರಡು ಪಟ್ಟಾದರೂ ದೂರ ಇರಲಿ. 1.5 ಮೀಟರ್ ದಾಟಿದ ಯಾವ ಗೋಡೆಯೂ ಇಂಜಿನಿಯರ್ ಡ್ರಾಯಿಂಗ್ ಇಲ್ಲದೆ ಏಳಬಾರದು.

ನಾಲ್ಕನೆಯದು ಗೋಡೆಯ ಹಿಂದಿನ ನೀರು. ಗೋಡೆ ಬೀಳಿಸುವುದು ಬರೀ ಮಣ್ಣಲ್ಲ, ಹಿಂದೆ ನಿಂತ ನೀರು ಆ ತಳ್ಳುವ ಬಲವನ್ನು ಎರಡು ಪಟ್ಟು ಮಾಡಬಲ್ಲದು. ಗೋಡೆಯಲ್ಲಿ 75ರಿಂದ 100 ಮಿಲಿಮೀಟರ್ ಪಿವಿಸಿ ಪೈಪಿನ ವೀಪ್ ಹೋಲ್, ಅಂದರೆ ನೀರು ಹೊರಗೆ ಬರುವ ತೂತು, ಸುಮಾರು ಒಂದೂವರೆ ಮೀಟರಿಗೆ ಒಂದು, ಹೊರಗಡೆಗೆ ಸ್ವಲ್ಪ ಇಳಿಜಾರಾಗಿ. ಹಿಂದೆ ಒಂದು ಅಡಿ ದಪ್ಪ ಜಲ್ಲಿ, ಜಲ್ಲಿ ಮತ್ತು ಮಣ್ಣಿನ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಬುಡದಲ್ಲಿ ತೂತಿನ ಪೈಪು. ಹೊರಗೆ ಕಾಣುವುದು ವೀಪ್ ಹೋಲ್ ಮಾತ್ರ, ಹಾಗಾಗಿ ಕಂಟ್ರಾಕ್ಟರ್ ಪೈಪು ಇಟ್ಟು ಹಿಂದೆ ಅದೇ ಮಣ್ಣು ತುಂಬಿಬಿಡುತ್ತಾನೆ. ತುಂಬುವ ದಿನ ನೀವು ಅಲ್ಲಿರಿ, ಫೋಟೋ ತೆಗೆಯಿರಿ, ಆ ಫೋಟೋ ಇಲ್ಲದೆ ಬಿಲ್ ಪಾಸ್ ಮಾಡಬೇಡಿ.

ಸ್ಥಳದಲ್ಲೇ ಡಬರ್ ಅನ್ನುವ ಒರಟು ಕಲ್ಲು ಸಿಗುವುದಿದ್ದರೆ ಗೇಬಿಯನ್ ಯೋಚಿಸಿ. ತಂತಿ ಬುಟ್ಟಿಯಲ್ಲಿ ಕಲ್ಲು ತುಂಬಿದ ಗೋಡೆ, ನೀರು ತಾನಾಗಿ ಹೊರಗೆ ಬರುತ್ತದೆ, ನೆಲ ಸ್ವಲ್ಪ ಕೂತರೂ ಒಡೆಯುವುದಿಲ್ಲ. ಕೆಲವರಿಗೆ ಅದರ ರೂಪ ಇಷ್ಟ ಆಗುವುದಿಲ್ಲ. ನನಗಂತೂ ಕಾಂಕ್ರೀಟ್ ಗೋಡೆಗೆ ಕಲ್ಲಿನ ಚಿತ್ರದ ಟೈಲ್ಸ್ ಅಂಟಿಸುವುದಕ್ಕಿಂತ ಇದೇ ವಾಸಿ.

ಮೇ ಮಧ್ಯದ ನಂತರ ಹೊಸ ಕಡಿತ ಬೇಡವೇ ಬೇಡ. ಜೂನ್ ಎರಡನೇ ವಾರಕ್ಕೆ ಮಳೆ ಬಂದೇ ಬರುತ್ತದೆ. ಅರ್ಧ ಕಡಿದ ಗುಡ್ಡಕ್ಕೆ ನೀಲಿ ತಾಡಪತ್ರಿ ಹೊದೆಸಿ ಕೂರುವ ಗತಿ ಬರಬಾರದು. ಮರ ಕಡಿಯಲೂ ಅನುಮತಿ ಬೇಕು. ಇಳಿಜಾರಿನ ಮರ ಕಡಿದರೆ ಮಣ್ಣು ಹಿಡಿದಿದ್ದ ಬೇರು ಕೆಲ ವರ್ಷದಲ್ಲಿ ಕೊಳೆಯುತ್ತದೆ, ತೊಂದರೆ ಕಾಣುವುದು ಆಗ.

## 7. ಗಾಡಿ, ಕಾಲು, ಟ್ರೇ

ಅಗ್ನಿಶಾಮಕ ಗಾಡಿ ಒಳಗೆ ಬಂದು ತಿರುಗಿ ಹೋಗಬೇಕು, ಮಳೆಗಾಲದಲ್ಲಿ ನೀರಿನ ಟ್ಯಾಂಕರ್ ಮತ್ತು ಕೊಳಚೆ ಹೀರುವ ಗಾಡಿಯೂ ಬರಬೇಕು. ಇವು ಮೂರು ಬರುವಲ್ಲಿಗೆ ಅತಿಥಿಯ ಕಾರು ಹೇಗೂ ಬರುತ್ತದೆ. ಪಾರ್ಕಿಂಗ್ ಮೇಲಿನ ರಸ್ತೆಯ ಹತ್ತಿರವೇ ಮುಗಿಸಿ, ಒಳಗೆ ಬ್ಯಾಟರಿ ಗಾಡಿ ಸಾಕು. ಪ್ರತಿ ಕಾರನ್ನು ರೂಮಿನ ಬಾಗಿಲವರೆಗೆ ತರುವ ಆಸೆಯಿಂದಲೇ ಅರ್ಧ ಗುಡ್ಡ ರಸ್ತೆಗೆ ಹೋಗುತ್ತದೆ.

ಗಾಲಿಕುರ್ಚಿಯ ರ‍್ಯಾಂಪ್ 1:12. ಅಂದರೆ 6 ಮೀಟರ್ ಇಳಿಯಲು 72 ಮೀಟರ್ ರ‍್ಯಾಂಪ್, ನಡುವಿನ ವಿಶ್ರಾಂತಿ ಕಟ್ಟೆ ಬೇರೆ. ಎಲ್ಲ ರೂಮಿಗೂ ಇದು ಆಗುವುದಿಲ್ಲ. ಆದ್ದರಿಂದ ರಿಸೆಪ್ಷನ್ ಮಟ್ಟದಲ್ಲೇ ಎರಡು ಮೂರು ರೂಮು ಇಡಿ. ಮುಂಬೈಯಿಂದ ಮೂರು ತಲೆಮಾರು ಒಟ್ಟಿಗೆ ಬರುತ್ತದೆ, ಅಜ್ಜಿಗೆ ನಲವತ್ತು ಮೆಟ್ಟಿಲು ಇಳಿಸಿದರೆ ಆ ಕುಟುಂಬ ಮತ್ತೆ ಬರುವುದಿಲ್ಲ. ಮೆಟ್ಟಿಲು 150 ಮಿಲಿಮೀಟರ್ ಎತ್ತರ, 300 ಅಗಲ, ಎಲ್ಲವೂ ಒಂದೇ ಅಳತೆ. ಮೇಲೆ ನಯವಾದ ಗ್ರಾನೈಟ್ ಬೇಡ, ಪಾಚಿ ಹಿಡಿದರೆ ಕಾಲು ನಿಲ್ಲುವುದಿಲ್ಲ. ನಮ್ಮ ಶಹಾಬಾದ್ ಕಲ್ಲನ್ನು ಪಾಲಿಶ್ ಮಾಡಿಸದೆ ಒರಟಾಗಿಯೇ ಹಾಕಿ.

ಅಡುಗೆಮನೆ ಎಲ್ಲಿ ಅನ್ನುವುದು ಹೋಟೆಲಿನವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ವ್ಯೂ ಇರುವ ಕೆಳಗಿನ ತುದಿಯಲ್ಲಿ ರೆಸ್ಟೋರೆಂಟ್ ಮಾಡಿ, ಅಡುಗೆಮನೆಯನ್ನು ಮೇಲಿನ ಹಳೇ ಔಟ್‌ಹೌಸಿನಲ್ಲಿ ಇಟ್ಟವರು ಇದ್ದಾರೆ. ಮಳೆಯಲ್ಲಿ ಟ್ರೇ ಹಿಡಿದು ಮೆಟ್ಟಿಲಿಳಿಯುವ ಹುಡುಗ ಎಷ್ಟು ದಿನ ಇರುತ್ತಾನೆ? ಎರಡೂ ಒಂದೇ ಮಟ್ಟದಲ್ಲಿ ಇರಲಿ.

## 8. ಕೊಳಚೆ ನೀರು, ಕುಡಿಯುವ ನೀರು, ಕರೆಂಟು

ಹೋಟೆಲಿಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಲೆಕ್ಕ ಹಿಡಿಯುತ್ತಾರೆ. ಹನ್ನೆರಡು ರೂಮು, 24 ಹಾಸಿಗೆ, 4,320 ಲೀಟರ್. ಅದಕ್ಕೆ ಅಡುಗೆಮನೆ, ಕೆಲಸದವರು, ಬಟ್ಟೆ ಒಗೆತ, ತೋಟ, ಪೂಲ್ ಸೇರಿಸಿ. ಇಷ್ಟು ಮಳೆ ಬಿದ್ದರೂ ಏಪ್ರಿಲ್, ಮೇನಲ್ಲಿ ಟ್ಯಾಂಕರ್ ತರಿಸುವ ಊರುಗಳಿವು, ಬಸಾಲ್ಟ್ ಕಲ್ಲಿನಲ್ಲಿ ಬೋರ್‌ವೆಲ್ ನಂಬಿ ಕೂರುವಂತಿಲ್ಲ. ಟ್ಯಾಂಕ್ ಮೇಲೆ, ಗಟ್ಟಿ ಕಲ್ಲಿನ ಮೇಲೆ. ತುಂಬಿದ ಮಣ್ಣಿನ ಮೇಲೆ ಅಲ್ಲ.

ಬಂದ ನೀರಿನಲ್ಲಿ ಸುಮಾರು ಶೇಕಡ 80 ಕೊಳಚೆಯಾಗಿ ವಾಪಸ್ ಹೋಗುತ್ತದೆ. ಹಳೇ ಬಂಗಲೆಯ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಒಂದು ಕುಟುಂಬಕ್ಕೆ ಮಾಡಿದ್ದು. ಮಳೆಗಾಲದಲ್ಲಿ ನೆಲವೇ ತುಂಬಿರುವಾಗ ಇಂಗುಗುಂಡಿ ಏನೂ ಹೀರುವುದಿಲ್ಲ, ಆ ನೀರು ಕೆಳಗಿನವರ ಗೋಡೆಯಲ್ಲಿ ವಾಸನೆ ಸಮೇತ ಹೊರಬರುತ್ತದೆ. ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ಬೇಕೇಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯನ್ನು ಕಟ್ಟುವ ಮೊದಲು ಒಂದು ಸಲ, ನಡೆಸುವ ಮೊದಲು ಇನ್ನೊಂದು ಸಲ ಪಡೆಯಬೇಕು.

ಎಸ್‌ಟಿಪಿಯಲ್ಲಿ ಈ ಊರುಗಳದ್ದೇ ಒಂದು ಸಮಸ್ಯೆ ಇದೆ. ಶನಿವಾರ ಹೌಸ್‌ಫುಲ್, ಮಂಗಳವಾರ ಯಾರೂ ಇಲ್ಲ. ಕೊಳಚೆ ತಿನ್ನುವ ಸೂಕ್ಷ್ಮಜೀವಿಗೆ ವಾರವಿಡೀ ಉಪವಾಸ, ಶನಿವಾರ ಅಜೀರ್ಣ. ಸೋಮವಾರ ವಾಸನೆ. ಮೊದಲ ಟ್ಯಾಂಕು, ಅಂದರೆ ಈಕ್ವಲೈಸೇಶನ್ ಟ್ಯಾಂಕು, ಹೌಸ್‌ಫುಲ್ ದಿನದ ಪೂರ್ತಿ ಕೊಳಚೆ ಹಿಡಿಯುವಷ್ಟು ದೊಡ್ಡದು ಮಾಡಿ, ಅಲ್ಲಿಂದ ವಾರಕ್ಕೆಲ್ಲ ಹಂಚಿ ಬಿಡಿ. ಅಡುಗೆಮನೆಯ ಎಣ್ಣೆಗೆ ಪ್ರತ್ಯೇಕ ಗ್ರೀಸ್ ಟ್ರ್ಯಾಪ್, ಅದನ್ನು ದಿನಾ ತೆಗೆಯುವ ಮನುಷ್ಯ ಯಾರು ಅಂತ ಹೆಸರು ಹಾಕಿ.

ಕರೆಂಟಿನ ಬಗ್ಗೆ ಒಂದೇ ಮಾತು. ಹಳೇ ಬಂಗಲೆಯ ಕನೆಕ್ಷನ್ ನಾಲ್ಕು ಫ್ಯಾನಿಗೆ ಸಾಕಾಗುವಂಥದ್ದು. ಒಂದು ರೂಮಿಗೆ ಎಸಿ, ಗೀಸರ್ ಸೇರಿ ಮೂರೂವರೆ ಕಿಲೋವ್ಯಾಟ್ ಹಿಡಿದರೆ ಹನ್ನೆರಡಕ್ಕೆ 42 ಕಿಲೋವ್ಯಾಟ್. ಇಲ್ಲಿಯ ವಿದ್ಯುತ್ ಕಂಪನಿ ಮಹಾವಿತರಣಕ್ಕೆ ಅರ್ಜಿಯನ್ನು ಕೆಲಸದ ಶುರುವಿನಲ್ಲೇ ಹಾಕಿ, ಟ್ರಾನ್ಸ್‌ಫಾರ್ಮರ್‌ಗೆ ಜಾಗ ಬಿಡಿ.

## 9. ಹಳೇ ಬಂಗಲೆಯ ರಿಪೇರಿ

ಸುಣ್ಣದ ಗೋಡೆಗೆ ಸುಣ್ಣವೇ. ಸಿಮೆಂಟ್ ಪ್ಲಾಸ್ಟರ್, ಮೇಲೆ ಎಕ್ರಿಲಿಕ್ ಪೇಂಟ್ ಹೊಡೆದರೆ ಗೋಡೆಯೊಳಗಿನ ತೇವ ಹೊರಗೆ ಹೋಗದೆ ಎರಡೇ ಮಳೆಗಾಲಕ್ಕೆ ಹಪ್ಪಳ ಏಳುತ್ತದೆ. ಹಾಗಾದಾಗ ವಾಟರ್‌ಪ್ರೂಫ್ ಕೆಮಿಕಲ್ ಮಾರುವವರು ಬರುತ್ತಾರೆ, ಅವರಿಗೆ ಬಾಗಿಲು ತೆರೆಯಬೇಡಿ.

ರೂಮು ದೊಡ್ಡದು ಮಾಡಲು ಭಾರ ಹೊತ್ತ ಗೋಡೆ ಒಡೆಯುವ ಮೊದಲು ಮೇಲಿನ ಭಾರಕ್ಕೆ ಜಾಕಿ, ಆಧಾರ, ಆಮೇಲೆ ಬೀಮು, ಆಮೇಲೆ ಒಡೆತ. ಅಕ್ಕಪಕ್ಕದ ಎರಡು ಕಡೆ ಒಂದೇ ಸಲ ಒಡೆಯಬಾರದು.

ಬಾತ್‌ರೂಮಿಗೆ ಹಳೇ ಮರದ ಅಟ್ಟದ ಮೇಲೆ ಸಂಕನ್ ಸ್ಲ್ಯಾಬ್, ಅಂದರೆ ಪೈಪಿಗಾಗಿ ತಗ್ಗಿಸಿದ ಕಾಂಕ್ರೀಟ್ ತಳ, ಕೂರಿಸುವುದು ದೊಡ್ಡ ತಪ್ಪು. ಹೊರಗೋಡೆಗೆ ತಾಗಿದ ಹಾಗೆ, ಆದರೆ ನಡುವೆ ಜಾಯಿಂಟ್ ಬಿಟ್ಟು, ತನ್ನದೇ ಪಾಯದ ಮೇಲೆ ನಿಲ್ಲುವ ಕಾಂಕ್ರೀಟ್ ಗೋಪುರ ಎಬ್ಬಿಸಿ, ಒಂದರ ಮೇಲೊಂದು ಬಾತ್‌ರೂಮು ಹಾಕಿ. ಪೈಪು ಸೋರಿದರೂ ಮರಕ್ಕೆ ತಾಗುವುದಿಲ್ಲ.

ಮಾಡಿನ ಪಕ್ಕಾಸು, ರೀಪು ಒಂದೊಂದೇ ತಟ್ಟಿ ನೋಡಿ, ಗೆದ್ದಲು ತಿಂದದ್ದು ಟೊಳ್ಳು ಶಬ್ದ ಕೊಡುತ್ತದೆ. ಹೆಂಚಿನ ಕೆಳಗೆ ಒಂದು ಶೀಟು ಹಾಕಿ, ಏಕೆಂದರೆ ಈ ಊರುಗಳಲ್ಲಿ ಹೆಂಚು ಸರಿಸುವುದು ಗಾಳಿಗಿಂತ ಮಂಗ. ಮಾಡಿನ ಕೆಲಸ ಮೇ ಮೊದಲ ವಾರಕ್ಕೆ ಮುಗಿಯಬೇಕು.

## 10. ಹೊಸ ರೂಮು, ಪೂಲ್

ಹೊಸ ರೂಮುಗಳು ಕಾಂಟೂರ್ ಗುಂಟ ಉದ್ದಕ್ಕೆ ಸಾಗಲಿ, ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಚಾಚುವುದು ಬೇಡ. ಕಂಬದ ಮೇಲೆ ನಿಂತ ಹಗುರ ಕಟ್ಟಡ ಮಣ್ಣು ಕಡಿಯುವುದನ್ನು ಉಳಿಸುತ್ತದೆ, ನೀರೂ ಕೆಳಗಿನಿಂದ ಹಾದುಹೋಗುತ್ತದೆ. ಆದರೆ ಒಂದು ಕಡೆ ಗಿಡ್ಡ ಕಂಬ, ಇನ್ನೊಂದು ಕಡೆ ಉದ್ದ ಕಂಬ ಇದ್ದರೆ ಭೂಕಂಪದಲ್ಲಿ ಗಿಡ್ಡ ಕಂಬವೇ ಹೆಚ್ಚು ಬಲ ಎಳೆದುಕೊಂಡು ಮೊದಲು ಮುರಿಯುತ್ತದೆ. 1967ರ ಕೊಯ್ನಾ ಭೂಕಂಪ ಇದೇ ಸಾಲಿನ ಬೆಟ್ಟಗಳಲ್ಲಿ ಆದದ್ದು, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಈ ಪ್ರಶ್ನೆ ಕೇಳಿಯೇ ಕೇಳಿ.

8 ಮೀಟರ್ ಉದ್ದ, 4 ಅಗಲ, 1.2 ಆಳದ ಸಣ್ಣ ಪೂಲ್ ಅಂದರೂ 38 ಟನ್ ನೀರು. ಎಲ್ಲರಿಗೂ ಅದು ಅಂಚಿನಲ್ಲೇ, ಕಣಿವೆಯ ಕಡೆಗೇ ಬೇಕು. ಅಂಚಿನಲ್ಲಿ ಇರುವುದು ತುಂಬಿದ ಮಣ್ಣು. ಪೂಲ್ ಒಂದು ಕಡೆ ಕೂತು, ಬಿರುಕು ಬಿಟ್ಟು, ಸೋರಿ, ಆ ಸೋರಿಕೆ ಗುಡ್ಡವನ್ನೇ ನೆನೆಸುತ್ತದೆ. ಕಡಿದ ಗಟ್ಟಿ ನೆಲದ ಮೇಲೆ ಕೂರಿಸಿ, ವ್ಯೂ ಸ್ವಲ್ಪ ಕಡಿಮೆಯಾದರೆ ಆಗಲಿ. ಮಳೆಗಾಲದಲ್ಲಿ ಪೂಲ್ ಖಾಲಿ ಮಾಡಿದರೆ ಕೆಳಗಿನ ಅಂತರ್ಜಲ ಅದನ್ನು ಮೇಲಕ್ಕೆ ಎತ್ತಬಹುದು, ತಳದಲ್ಲಿ ರಿಲೀಫ್ ವಾಲ್ವ್ ಇರಲಿ. ನೀರಿನ ಮಟ್ಟ ದಿನಾ ಬರೆದಿಡಿ, ಬಿಸಿಲಿಗೆ ಹೋಗುವುದಕ್ಕಿಂತ ಜಾಸ್ತಿ ಇಳಿದರೆ ಅವತ್ತೇ ಹುಡುಕಿ.

## 11. ತೆರೆಯುವ ಮುಂಚೆ

ಪೂರ್ಣತೆಯ ಪ್ರಮಾಣಪತ್ರ, ಫೈರ್ ಎನ್‌ಒಸಿ, ಆಹಾರಕ್ಕೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಮಾಲಿನ್ಯ ಮಂಡಳಿಯ ಒಪ್ಪಿಗೆ, ಬಾರ್ ಇದ್ದರೆ ಅಬಕಾರಿಯ ಎಫ್‌ಎಲ್-3 ಲೈಸೆನ್ಸ್. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯ್ದೆಯಂತೆ ಜನವರಿ ಮತ್ತು ಜುಲೈನಲ್ಲಿ ಲೈಸೆನ್ಸ್ ಇರುವ ಏಜೆನ್ಸಿಯಿಂದ ಫಾರ್ಮ್ ಬಿ, ಅಂದರೆ ಬೆಂಕಿ ಆರಿಸುವ ವ್ಯವಸ್ಥೆ ಸರಿಯಾಗಿದೆ ಅನ್ನುವ ಪತ್ರ, ತರಬೇಕು, ಮೊದಲ ವರ್ಷದ ಉತ್ಸಾಹದಲ್ಲಿ ಇದು ಮರೆತೇ ಹೋಗುತ್ತದೆ.

ಮೊದಲ ಮಳೆಗಾಲಕ್ಕೆ ಬುಕಿಂಗ್ ಪೂರ್ತಿ ತೆರೆಯಬೇಡಿ, ಅರ್ಧ ರೂಮು ಸಾಕು. ಜೋರು ಮಳೆಯ ರಾತ್ರಿ ಒಬ್ಬ ಮನುಷ್ಯ ಟಾರ್ಚು ಹಿಡಿದು ಎಲ್ಲ ವೀಪ್ ಹೋಲ್ ನೋಡಿ ಬರಬೇಕು. ಜೋರು ಮಳೆಯಲ್ಲೂ ನೀರು ಬಾರದ ವೀಪ್ ಹೋಲ್ ಅಂದರೆ ಕಟ್ಟಿಕೊಂಡಿದೆ, ಕಬ್ಬಿಣದ ಸರಳು ಹಾಕಿ ಬಿಡಿಸಬೇಕು. ಕೆಸರು ಬಂದರೆ ಹಿಂದಿನ ಬಟ್ಟೆ ಹರಿದಿದೆ, ಆ ಗೋಡೆಯ ಮೇಲಿನ ಮತ್ತು ಕೆಳಗಿನ ರೂಮು ಖಾಲಿ ಮಾಡಿಸಿ ಬೆಳಿಗ್ಗೆಯೇ ಇಂಜಿನಿಯರ್‌ನನ್ನು ಕರೆಸಿ. ತಡೆಗೋಡೆ, ಕಾಲುವೆ, ನೆಲದೊಳಗಿನ ಪೈಪು, ಇವೆಲ್ಲದರ ಡ್ರಾಯಿಂಗ್ ಮತ್ತು ತುಂಬುವ ಮೊದಲು ತೆಗೆದ ಫೋಟೋಗಳ ಒಂದು ಪ್ರತಿ ಮ್ಯಾನೇಜರ್ ಟೇಬಲ್ಲಿನಲ್ಲೇ ಇರಲಿ. ನೀವು ಪುಣೆಯಲ್ಲೋ ಠಾಣೆಯಲ್ಲೋ ಇರುವಾಗ ರಾತ್ರಿ ಎರಡಕ್ಕೆ ಫೋನ್ ಬಂದರೆ, ಯಾವ ವಾಲ್ವ್ ಮುಚ್ಚಬೇಕು ಅಂತ ಅವನು ಅದನ್ನು ನೋಡಿಕೊಂಡೇ ಹೇಳಬೇಕು.